ಮುದುಕಿಬಂಡೆಯ ಜೇಡ

ಜುಲ್ಮೀರಾಳ ಕೈಗೆ ಯಾವಾಗಲೂ ಸ್ಪಿರಿಟ್ಟಿನ ವಾಸನೆ. ಭಾನುವಾರ ಇಗರ್ಜಿಗೆ ಬಂದಾಗಲೂ ಅದೇ, ಮದುವೆಯೂಟದಲ್ಲಿ ಪಕ್ಕ ಕೂತು ಬೆಳ್ಳುಳ್ಳಿ ಬೆಣ್ಣೆಯ ರೊಟ್ಟಿ ಮುರಿಯುವಾಗಲೂ ಅದೇ. ಮೂವತ್ತು ವರ್ಷ ನಾನು ಅವಳ ಎದುರಿನ ಮೇಜಿನಲ್ಲಿ ಕೂತವಳು. ನಮ್ಮ ದ್ವೀಪದ ಪೇಟೆಯ ಮ್ಯೂಸಿಯಂನ ಹಿಂಭಾಗದ ಕೋಣೆ ನಮ್ಮದು. ನಾನು ಸತ್ತ ಹಕ್ಕಿಗಳಿಗೆ ಹತ್ತಿ ತುಂಬಿ ಹೊಲಿಯುತ್ತಿದ್ದೆ, ಅವಳು ಸತ್ತ ಜೇಡಗಳಿಗೆ ಸ್ಪಿರಿಟ್ ತುಂಬುತ್ತಿದ್ದಳು. ಜೇಡಗಳ ಮೇಲೆ ಪುಸ್ತಕ ಬರೆದವರ ಫೋಟೋಗಳು ಹೊರಗಿನ ಹಜಾರದಲ್ಲಿ ಸಾಲಾಗಿ ತೂಗುತ್ತವೆ. ಅವಳ ಬಗ್ಗೆ ಯಾರೂ ಒಂದು ಸಾಲೂ ಬರೆಯುವುದಿಲ್ಲವೆಂದು ಗೊತ್ತಿರುವುದರಿಂದ ನಾನೇ ಬರೆಯುತ್ತಿದ್ದೇನೆ. ತಪ್ಪಿದ್ದರೆ ಅವಳೇ ಬಂದು ಬೈಯಲಿ.

ಆ ಕೋಣೆಯಲ್ಲಿ ಹತ್ತೊಂಬತ್ತು ಸಾವಿರ ಗಾಜಿನ ಕೊಳವೆಗಳಿವೆ, ಒಂದೊಂದೂ ಕಿರುಬೆರಳಿನಷ್ಟು. ಎಷ್ಟೇ ಬಿಗಿಯಾಗಿ ಬಿರಡೆ ಹಾಕಿದರೂ ಸ್ಪಿರಿಟ್ ಆರುತ್ತಲೇ ಇರುತ್ತದೆ. ಕಿಟಕಿ ಪಕ್ಕದ ಕಪಾಟಿನಿಂದ ತುಂಬುತ್ತ ಹೊರಟರೆ ಬಾಗಿಲ ಪಕ್ಕದ ಕಪಾಟು ಮುಟ್ಟುವುದಕ್ಕೆ ಮೂರು ವರ್ಷ ಬೇಕು. ಅಷ್ಟರಲ್ಲಿ ಕಿಟಕಿಯ ಕಡೆಯವು ಅರ್ಧಕ್ಕೆ ಇಳಿದಿರುತ್ತವೆ. ಮತ್ತೆ ಮೊದಲಿನಿಂದ ಶುರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವುದು ಅಂದರೆ ಇದೇ. ಹೀಗೆ ಹನ್ನೆರಡು ಸುತ್ತು ಹಾಕಿದಳು ಆ ಹೆಂಗಸು. ಅದಕ್ಕೆ ಮುಂಚೆ ಟ್ಯೂನಾ ಕಾರ್ಖಾನೆಯಲ್ಲಿ ಡಬ್ಬಿಗೆ ಮೀನು ತುಂಬುತ್ತಿದ್ದಳಂತೆ. ಹಣೆಯಲ್ಲಿ ಬರೆದದ್ದೇ ತುಂಬುವ ಕೆಲಸ. ನಲವತ್ತೈದಕ್ಕೆ ಹೆಬ್ಬೆರಳು ನೆಟ್ಟಗಾಗದೆ ಹೋಯಿತು, ಐವತ್ತೈದಕ್ಕೆ ಕಣ್ಣು ಮಂಜಾಯಿತು. ಸಾಯಂಕಾಲ ಐದಕ್ಕೆ ಕೋಟು ಹಾಕಿಕೊಳ್ಳುವಾಗ "ಸಾಕಾಯ್ತು ಕಣೇ ಒದೀಲಿಯಾ" ಎನ್ನುತ್ತಿದ್ದಳು. ಒದೀಲಿಯಾ ಅಂದರೆ ನಾನು. ಆ ಮಾತು ಕೇಳಿಯೇ ನನಗೂ ಸಾಕಾಗುತ್ತಿತ್ತು.

ಗೋಡೆಯ ಮೇಲೆ ಎರಡು ನಿಯಮ ಬರೆದು ಅಂಟಿಸಿದೆ. ಬರೆದವರು ಪಾದ್ರಿ ಅನ್ಸೆಲ್ಮು. ಬೆಳಿಗ್ಗೆ ಇಗರ್ಜಿಯಲ್ಲಿ ಬಲಿಪೂಜೆ ಮುಗಿಸಿ, ಮಧ್ಯಾಹ್ನದಿಂದ ಸಂಜೆವರೆಗೆ ಜೇಡ ನೋಡುತ್ತಿದ್ದ ದೊಡ್ಡ ಹೊಟ್ಟೆಯ ಮುದುಕ. ಮೊದಲ ನಿಯಮ, ಒಂದು ಹೊತ್ತಿಗೆ ಒಂದೇ ಕೊಳವೆ ತೆರೆಯಬೇಕು. ಎರಡನೆಯದು, ಹಳೆಯ ಚೀಟಿ ಎಸೆಯಬಾರದು. ಪ್ರತಿ ಕೊಳವೆಯೊಳಗೂ ಜೇಡದ ಜೊತೆ ಒಂದು ಚೀಟಿ ಮುಳುಗಿರುತ್ತದೆ: ಯಾವ ದ್ವೀಪ, ಎಲ್ಲಿ ಸಿಕ್ಕಿತು, ಯಾವ ದಿನ, ಹಿಡಿದವರು ಯಾರು. ಸೀಸದಕಡ್ಡಿಯಲ್ಲೇ ಬರೆಯಬೇಕು, ಶಾಯಿಯಾದರೆ ಕರಗಿಹೋಗುತ್ತದೆ. ಬರಹ ಮಸುಕಾದರೆ ಹೊಸ ಚೀಟಿ ಬರೆದು ಹಳೆಯದರ ಜೊತೆಗೇ ಹಾಕಬೇಕು. ಚೀಟಿ ಇಲ್ಲದ ಜೇಡ ಬರೀ ಹೆಣ ಎನ್ನುತ್ತಿದ್ದರಂತೆ ಪಾದ್ರಿಗಳು.

ಪಾದ್ರಿಗಳಿಗೆ ಹುಚ್ಚು ಹಿಡಿಸಿದ್ದು ಒಂದೇ ಕುಲದ ಜೇಡಗಳು. ಕೆಂಪು ಮೈ, ಆರು ಕಣ್ಣು, ಬಲೆ ಹೆಣೆಯದೆ ಕಲ್ಲಿನಡಿ ಬೇಟೆಯಾಡುವಂಥವು. ಎಂದೋ ಒಂದು ಬಸುರಿ ಜೇಡ ಮರದ ತುಂಡಿನ ಮೇಲೆ ತೇಲಿಬಂದು ನಮ್ಮ ದ್ವೀಪಕ್ಕೆ ಹತ್ತಿತಂತೆ. ಅದರ ಸಂತಾನ ಒಂದೊಂದು ದ್ವೀಪದಲ್ಲಿ ಒಂದೊಂದು ಬಗೆಯಾಯಿತಂತೆ. ನಮ್ಮ ಕಣ್ಣಿಗೆ ಎಲ್ಲವೂ ಒಂದೇ. ಗಂಡಿನ ಬಾಯಿಯ ಹತ್ತಿರ ಎರಡು ಪುಟ್ಟ ಕೈಗಳಿರುತ್ತವೆ, ಅವುಗಳ ತುದಿ ಬೀಗದ ಕೈಯ ಹಲ್ಲಿನ ಹಾಗೆ ಒಂದೊಂದು ಬಗೆಗೆ ಒಂದೊಂದು ಆಕಾರ. ಅದನ್ನು ನೋಡಿಯೇ ಇದು ಬೇರೆ, ಇದು ಅದೇ ಎಂದು ವಿಂಗಡಿಸುವುದು. ಮರಿಗಳಲ್ಲಿ ಆ ಹಲ್ಲು ಮೂಡಿರುವುದಿಲ್ಲ, ಹಾಗಾಗಿ ಮರಿ ಸಿಕ್ಕಿದರೆ ಅದು ಯಾವ ಬಗೆಯದೆಂದು ಯಾವ ಪಂಡಿತನೂ ಹೇಳಲಾರ. ಇಷ್ಟು ತಿಳಿದರೆ ಸಾಕು, ಇದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ.

ಇನ್ನು ಸಿಪ್ರಿಯಾನು. ಜುಲ್ಮೀರಾಳ ಅಣ್ಣ, ಕನಿಸಾಲ್ ಊರಿನ ಮೀನುಗಾರ. ಅಲೆ ಏರಿದ ಗಳಿಗೆ ನೋಡಿ ದೋಣಿಯಿಂದ ಬಂಡೆಗೆ ಹಾರುವುದರಲ್ಲಿ ಅವನ ಸಮ ಇರಲಿಲ್ಲ. ಪಾದ್ರಿಗಳ ಹೊಟ್ಟೆ ಹೊತ್ತು ಯಾವ ಬಂಡೆಗೂ ಹಾರಲಾಗುವುದಿಲ್ಲವಲ್ಲ, ಹಾಗಾಗಿ ಅವರಿಗಾಗಿ ಇವನು ಹಾರುತ್ತಿದ್ದ. ಔಷಧಿ ಸೀಸೆಯಲ್ಲಿ ಕಬ್ಬಿನ ಸಾರಾಯಿ ತುಂಬಿಕೊಂಡು ಹೋಗಿ, ಅರ್ಧ ಜೇಡಕ್ಕೆ ಬಿಟ್ಟು ಅರ್ಧ ತಾನು ಕುಡಿದು ಬರುತ್ತಿದ್ದ. ತಂಗಿಗೆ ಮ್ಯೂಸಿಯಂ ಕೆಲಸ ಕೊಡಿಸಿದ್ದೂ ಅವನೇ. ನಮ್ಮ ದ್ವೀಪದ ಪೂರ್ವದ ತುದಿ ದಾಟಿ ದೋಣಿಯಲ್ಲಿ ಒಂದೂವರೆ ತಾಸು ಹೋದರೆ ಮುದುಕಿಬಂಡೆ ಸಿಗುತ್ತದೆ. ನೀರಿಳಿದಾಗ ಬೊಚ್ಚುಬಾಯಿಯ ಮುದುಕಿಯೊಬ್ಬಳು ಕಂಬಳಿ ಹೊದ್ದು ಕೂತ ಹಾಗೆ ಕಾಣುತ್ತದೆ. ಅಲ್ಲಿ ಹಕ್ಕಿಯ ಹಿಕ್ಕೆ ಬಿಟ್ಟರೆ ಏನೂ ಇಲ್ಲವೆಂದು ಎಲ್ಲರೂ ನಂಬಿದ್ದರು.

ಮುಂದಿನದನ್ನು ನಾನು ಕಣ್ಣಾರೆ ಕಂಡಿಲ್ಲ, ಆ ಕೋಣೆಗೆ ನಾನು ಸೇರಿದ್ದು ಎಲ್ಲ ಮುಗಿದ ಮೇಲೆ. ಕೊನೆಗೆ ಅವಳ ಬಾಯಿಂದಲೇ ಬಂದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಒಗಟು ಕಟ್ಟಿ ಕಾಯಿಸುವುದು ನನ್ನ ಜಾಯಮಾನವಲ್ಲ.

ಎಂಬತ್ತೈದನೆಯ ಇಸವಿ ಏಪ್ರಿಲ್. ಸಿಪ್ರಿಯಾನು ಮಧ್ಯಾಹ್ನ ಸೀಸೆ ಹಿಡಿದು ಕೋಣೆಗೆ ನುಗ್ಗಿದ. ಮುದುಕಿಬಂಡೆಯ ಮೇಲೆ ಕೆಂಪು ಜೇಡ ಸಿಕ್ಕಿತು ಎಂದು ಎರಡು ಬೆರಳು ಅಗಲಿಸಿ, ಇಷ್ಟುದ್ದ, ಅದೂ ಕಾಲು ಬಿಟ್ಟು, ಎಂದು ತೋರಿಸಿದ. ಕನಿಸಾಲಿನ ಹೆಂಗಸರಲ್ಲಿ ಒಂದು ಮಾತಿದೆ, ಗಂಡ ಹೇಳಿದ ಮೀನಿನ ಉದ್ದವನ್ನು ಅರ್ಧ ಮಾಡಿ ಬಾಣಲೆ ಇಡಬೇಕು ಅಂತ. ಆ ಮಾತು ಕೇಳುತ್ತಲೇ ಬೆಳೆದವಳು ಜುಲ್ಮೀರಾ. ಆದರೂ ಅಣ್ಣನ ಮುಖದ ಹಿಗ್ಗು ನೋಡಿ ನಂಬಿದಳು. ಅವನು ಪೇಟೆಗೆ ಬಂದಾಗಲೆಲ್ಲ ಇಬ್ಬರೂ ಮೀನುಮಾರುಕಟ್ಟೆಯ ಹಿಂದಿನ ಖಾನಾವಳಿಯಲ್ಲಿ ಟ್ಯೂನಾ, ಹುರಿದ ಮೆಕ್ಕೆಜೋಳದ ತುಂಡು ತಿನ್ನುವುದು ವಾಡಿಕೆ. ಎರಡು ಗಂಟೆಯ ಬಸ್ಸು ತಪ್ಪಿದರೆ ಅವನಿಗೆ ಸಂಜೆಯೇ ಗತಿ. ಅಂಗಳದಲ್ಲಿ ನಿಂತು ಸಿಳ್ಳೆ ಹಾಕುತ್ತಿದ್ದ.

ಅವಳ ಮೇಜಿನ ಮೇಲೆ ಇನ್ನೊಂದು ಕೊಳವೆಯೂ ಇತ್ತು. ಪಾದ್ರಿಗಳ ಪರಿಚಯದವರೊಬ್ಬರು ದಕ್ಷಿಣದ ಕನಾರಿ ದ್ವೀಪಗಳಿಂದ, ಪುರಸೊತ್ತಾದಾಗ ನೋಡಿ ಎಂದು ಕಳಿಸಿದ್ದು. ಎರಡಕ್ಕೂ ಹೊಸ ಸ್ಪಿರಿಟ್ ಹಾಕಬೇಕಿತ್ತು. ಅವಸರದಲ್ಲಿ ಎರಡನ್ನೂ ತೆರೆದು, ಒಂದೇ ಬಿಳಿ ತಟ್ಟೆಗೆ ಸುರಿದಳು. ಕಿಟಕಿಗೆ ಹೋಗಿ ಅಣ್ಣನಿಗೆ ಬಂದೆ ಎಂದು ಕೂಗಿ ತಿರುಗಿದರೆ, ತಟ್ಟೆಯಲ್ಲಿ ದೊಡ್ಡದೊಂದು, ಸಣ್ಣದೊಂದು. ಯಾವುದು ಯಾವ ಕೊಳವೆಯದು? ಅಣ್ಣ ದೊಡ್ಡದು ಅಂದಿದ್ದಾನಲ್ಲ ಎಂದುಕೊಂಡು ದೊಡ್ಡದನ್ನು ಅವನ ಚೀಟಿಯ ಕೊಳವೆಗೆ ಹಾಕಿದಳು. ಸಣ್ಣದು ದಕ್ಷಿಣದವರ ಕೊಳವೆಗೆ ಹೋಯಿತು. ಬಿರಡೆ ಒತ್ತಿ ಊಟಕ್ಕೆ ಓಡಿದಳು.

ಮಾರನೆಯ ಬೆಳಿಗ್ಗೆ ಏನೋ ಅನುಮಾನ ಬಂದು ದಕ್ಷಿಣದವರ ಕೊಳವೆ ತೆರೆದು ಮೂಸಿದಳು. ಹೊಸ ಸ್ಪಿರಿಟ್ಟಿನಲ್ಲೂ ಜೇಡದ ಮೈಯಿಂದ ಕಬ್ಬಿನ ಸಾರಾಯಿ ಘಮ್ಮೆಂದಿತು, ಇನ್ನೊಂದರಲ್ಲಿ ಆ ವಾಸನೆಯಿಲ್ಲ. ಅಂದರೆ ಅಣ್ಣ ತಂದದ್ದು ಈ ಸಣ್ಣದು. ಆಗಲೇ ಹೇಳಿದ್ದರೆ ಎರಡು ಬೈಗುಳದಲ್ಲಿ ಮುಗಿಯುತ್ತಿತ್ತು. ಆದರೆ ಕೆಲಸಕ್ಕೆ ಸೇರಿ ವರ್ಷವೂ ತುಂಬಿರಲಿಲ್ಲ, ಮುರಿದದ್ದು ಗೋಡೆಯ ಮೇಲಿನ ಮೊದಲ ನಿಯಮ, ಮತ್ತೆ ಮೀನುಡಬ್ಬಿಗೆ ಹೋಗುವ ಹೆದರಿಕೆ. ಸುಮ್ಮನಾದಳು. ನಾಳೆ ಹೇಳಿದರಾಯಿತು ಅಂದುಕೊಂಡಳು.

ಅಷ್ಟರಲ್ಲಿ ಪಾದ್ರಿಗಳು ದೊಡ್ಡದನ್ನು ಮಸೂರದಡಿ ಇಟ್ಟು ನೋಡಿಬಿಟ್ಟರು. ಆ ಆಕಾರದ ತುದಿ ಅವರು ಹಿಂದೆಂದೂ ನೋಡಿರಲಿಲ್ಲ. ಕನಾರಿಯಲ್ಲಿ ಅಂಥದೊಂದಕ್ಕೆ ಎಂದೋ ಹೆಸರಿಟ್ಟಾಗಿತ್ತು, ಆದರೆ ಆ ಪುಸ್ತಕ ಅವರ ಹತ್ತಿರ ಇರಲಿಲ್ಲ. ಕುರ್ಚಿ ಬಿಟ್ಟೆದ್ದು ಕೋಣೆಯೆಲ್ಲ ಓಡಾಡಿದರಂತೆ. ಹಕ್ಕಿಹಿಕ್ಕೆಯ ಬಂಡೆಯ ಮೇಲೆ ಹೊಸ ಜೇಡ! ಆದರೆ ಗಂಡೊಂದೇ ಸಿಕ್ಕರೆ ಅರ್ಧ ಸಂಸಾರ, ಹೆಣ್ಣೂ ಬೇಕು, ಇನ್ನೊಮ್ಮೆ ಹೋಗಿ ಬಾ ಎಂದು ಸಿಪ್ರಿಯಾನುವಿಗೆ ಹೇಳಿಕಳಿಸಿದರು. ಅವನಿಗೆ ನೆಲ ಕಾಣಲಿಲ್ಲ. ಊರಲ್ಲೆಲ್ಲ ನನ್ನ ಜೇಡ, ನನ್ನ ಜೇಡ ಎಂದು ಹೇಳಿಕೊಂಡು ತಿರುಗಿದ. ಅಕ್ಟೋಬರಿನ ಒಂದು ಭಾನುವಾರ ತಾಯಿಯ ಮನೆಯಲ್ಲಿ ಊಟಕ್ಕೆ ಕೂತಾಗ, ಹೇಳಿಬಿಡಬೇಕು ಎಂದು ಜುಲ್ಮೀರಾ ಎರಡು ಸಲ ಬಾಯಿ ತೆರೆದಳಂತೆ. ಎರಡು ಸಲವೂ ಅವನು ಆ ಜೇಡದ ಮಾತೇ ಎತ್ತಿ ನಗುತ್ತಿದ್ದ.

ಆ ವಾರವೇ ಅವನು ಮುದುಕಿಬಂಡೆಗೆ ಹೋದ. ದೋಣಿ ಮಾತ್ರ ತಿರುಗಿ ಬಂತು, ಅದೂ ಬೇರೆಯವರು ಎಳೆದುಕೊಂಡು ಬಂದದ್ದು. ದೇಹ ಸಿಗಲಿಲ್ಲ. ಹೆಂಡತಿ ಆರು ತಿಂಗಳ ಬಸುರಿ.

ಪಾದ್ರಿಗಳು ಅತ್ತು, ಮರುವರ್ಷ ಆ ಜೇಡಕ್ಕೆ ಅವನ ಹೆಸರಿಟ್ಟು ಅಚ್ಚು ಹಾಕಿಸಿದರು: ಸಿಪ್ರಿಯಾನಿ. ಆ ಪುಟವನ್ನು ತಾಯಿ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದಳು. ಅವಳಿಗೆ ಓದು ಬಾರದು, ಮಗನ ಹೆಸರು ಎಲ್ಲಿದೆಯೆಂದು ಬೆರಳಿಟ್ಟು ತೋರಿಸಲು ಮಾತ್ರ ಬರುತ್ತಿತ್ತು. ನವೆಂಬರಿನ ಸತ್ತವರ ದಿನ ಕನಿಸಾಲಿನವರೆಲ್ಲ ಸ್ಮಶಾನಕ್ಕೆ ಸೇವಂತಿಗೆ ಒಯ್ಯುತ್ತಾರೆ. ಇವರಿಗೆ ಒಯ್ಯಲು ಗೋರಿಯಿಲ್ಲ, ಆ ಪುಟದ ಮುಂದೆ ಇಡುತ್ತಾರೆ. ಇನ್ನು ಜುಲ್ಮೀರಾ ಹೇಗೆ ಬಾಯಿಬಿಟ್ಟಾಳು? ಬಿಟ್ಟರೆ ಹೆಸರೂ ಹೋಗುತ್ತದೆ, ಇಲ್ಲದ ಜೇಡದ ಹೆಣ್ಣನ್ನು ಹುಡುಕಲು ಅಣ್ಣನನ್ನು ಕಳಿಸಿದವಳು ತಾನೇ ಎಂದೂ ಆಗುತ್ತದೆ. ನಾಲ್ಕು ವರ್ಷಕ್ಕೆ ಪಾದ್ರಿಗಳೂ ತೀರಿಕೊಂಡರು. ದಕ್ಷಿಣದವರ ಕೊಳವೆಯನ್ನು ಅವರು ತೆರೆದು ನೋಡಲೇ ಇಲ್ಲ.

ಅದು ಕಿಟಕಿಯ ಕಪಾಟಿನ ಮೂರನೆಯ ಸಾಲಿನ ಎಡತುದಿಯಲ್ಲಿತ್ತು. ಅವಳು ತುಂಬುತ್ತ ಬರುವಾಗ ಅದೊಂದನ್ನು ದಾಟಿ ಮುಂದಕ್ಕೆ ಹೋಗುವುದನ್ನು ನಾನು ಗಮನಿಸಿದ್ದೆ. ಮರೆತಿದ್ದಾಳೆಂದು ತಿಳಿದು, ಅಲ್ಲೊಂದು ಒಣಗ್ತಿದೆ ನೋಡೇ ಮಾರಾಯ್ತಿ ಎಂದು ಒಮ್ಮೆ ಹೇಳಿದೆ. ಆಮೇಲೆ ಎಂದಳು. ಇನ್ನೊಂದು ಸುತ್ತು ಬಂದಾಗ ಮತ್ತೆ ಹೇಳಿದೆ. ಆಗಲೂ ಆಮೇಲೆ. ಮೂರನೆಯ ಸಲ ನಾನೂ ಬಿಟ್ಟೆ. ನನ್ನ ಹಕ್ಕಿಗಳೇ ನನಗೆ ಸಾಕುಬೇಕಾಗಿದ್ದವು.

ಸಿಪ್ರಿಯಾನುವಿನ ಮಗಳು ನತೇರ್ಸಿಯಾ ಅಪ್ಪನನ್ನು ಕಾಣದೆ ಹುಟ್ಟಿ, ಅಪ್ಪನ ಹಾಗೇ ಆದಳು. ಈಗ ಅವಳಿಗೆ ಸ್ವಂತ ದೋಣಿಯಿದೆ, ತಿಮಿಂಗಿಲ ನೋಡುವವರನ್ನು ಕರೆದೊಯ್ಯುತ್ತಾಳೆ. ದೋಣಿಯ ಮೂತಿಯ ಮೇಲೆ ಕೆಂಪು ಜೇಡ ಬರೆಸಿದ್ದಾಳೆ, ಎಣಿಸಿ ಆರು ಕಣ್ಣು. ಪ್ರವಾಸಿಗಳು ಕೇಳಿದರೆ, ಇದು ನಮ್ಮಪ್ಪ ಎನ್ನುತ್ತಾಳೆ. ಜುಲ್ಮೀರಾ ಮದುವೆಯಾಗಲಿಲ್ಲ. ಆ ಹುಡುಗಿಯ ಶಾಲೆಯ ಬೂಟಿನಿಂದ ದೋಣಿಯ ಎಂಜಿನ್‌ವರೆಗೆ ಎಲ್ಲಕ್ಕೂ ಹೆಗಲು ಕೊಟ್ಟಳು. ನಾನು ಅದನ್ನು ಪ್ರೀತಿ ಎಂದುಕೊಂಡಿದ್ದೆ. ಪ್ರೀತಿಯೇ ಇರಬೇಕು, ಆದರೆ ಅದರಲ್ಲಿ ಬೇರೆಯದೂ ಬೆರೆತಿತ್ತು.

ಹೀಗೆ ಮುಗಿದುಹೋಗುತ್ತಿತ್ತು. ಅವಳ ನಿವೃತ್ತಿಗೆ ಮೂರು ತಿಂಗಳು ಉಳಿದಿತ್ತು. ಆಗ ಬೆನೆದಿತಾ ಅಡ್ಡ ಬಂದಳು.

ಬೆನೆದಿತಾ ಲಿಸ್ಬನ್‌ನಿಂದ ಬಂದ ಸಂಶೋಧಕಿ. ಮೂವತ್ತೆರಡು ವರ್ಷ, ಕಚ್ಚಿ ಕಚ್ಚಿ ಉಗುರೇ ಉಳಿದಿರಲಿಲ್ಲ. ಪಾದ್ರಿಗಳ ನಂತರ ಆ ಕೆಂಪು ಜೇಡಗಳ ಇಡೀ ಕುಲವನ್ನು ಮತ್ತೊಮ್ಮೆ ಬುಡದಿಂದ ವಿಂಗಡಿಸಲು ಕೂತವಳು ಅವಳೊಬ್ಬಳೇ. ಯಾವ ದ್ವೀಪದಿಂದ ಯಾವ ದ್ವೀಪಕ್ಕೆ ಹೋದವು, ಯಾವುದು ಅಕ್ಕ, ಯಾವುದು ತಂಗಿ ಎಂದು ದೊಡ್ಡ ಹಾಳೆಯ ಮೇಲೆ ಮರದ ಹಾಗೆ ಬರೆದಿದ್ದಳು. ಎಲ್ಲವೂ ಕೊಂಬೆಗೆ ಕೂತವು, ಸಿಪ್ರಿಯಾನಿ ಒಂದು ಬಿಟ್ಟು. ಕನಾರಿಗೆ ಹೋಗಿ ಅಲ್ಲಿಯವನ್ನು ನೂರಾರು ನೋಡಿ ಬಂದವಳು ಅವಳು. ಮುದುಕಿಬಂಡೆಗೂ ಬೇಸಿಗೆಯಲ್ಲಿ ಎರಡು ಸಲ ಹೋಗಿ ಬರಿಗೈಯಲ್ಲಿ ಬಂದಿದ್ದಳು. ಒಂದು ಸೆಪ್ಟೆಂಬರ್ ದಿನ ಆ ಕೊಳವೆ ಹಿಡಿದುಕೊಂಡು ಜುಲ್ಮೀರಾಳ ಮೇಜಿಗೆ ಬಂದಳು.

"ದೋನ ಜುಲ್ಮೀರಾ, ಇದು ತದ್ವತ್ ದಕ್ಷಿಣದ್ದೇ. ಬೇರೆ ಕಡೆ ಆಗಿದ್ರೆ ಚೀಟಿ ಅದಲುಬದಲಾಗಿದೆ ಅಂತ ಬರೆದು ಮುಗಿಸ್ತಿದ್ದೆ. ಆದ್ರೆ ಚೀಟಿ ಬರೆದಿರೋರು ನೀವು, ನಿಮ್ಮ ಕೈಲಿ ಒಂದು ಚೀಟಿ ತಪ್ಪಿದ್ದು ನಾನು ನೋಡಿಲ್ಲ. ನೀವು ಸರಿ ಅಂದ್ರೆ ಸರಿ."

ಎದುರಿನ ಮೇಜಿನಲ್ಲಿ ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ. ಜುಲ್ಮೀರಾ ಕೊಳವೆಯನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ. ಚೀಟಿ ಸರಿಯಾಗೇ ಇದೆ ಎಂದು ಹೇಳಿ, ಮುಂದಿನ ಕೊಳವೆಯ ಬಿರಡೆ ಕಿತ್ತಳು.

ಬೆನೆದಿತಾ ನಿಟ್ಟುಸಿರು ಬಿಟ್ಟಳು. ಹಾಗಿದ್ದರೆ ಆ ಜೇಡ ಬಂಡೆಯ ಮೇಲೆ ಇದ್ದೇ ಇರಬೇಕು, ಹೆಣ್ಣು ಸಿಕ್ಕದೆ ಬಿಡುವುದಿಲ್ಲ ಎಂದಳು. ಡಿಸೆಂಬರಿಗೆ ಅವಳ ವಿದ್ಯಾರ್ಥಿವೇತನ ಮುಗಿಯುತ್ತಿತ್ತು, ಹಾಗಾಗಿ ಅಕ್ಟೋಬರಿನಲ್ಲೇ ಹೋಗಬೇಕು. ನತೇರ್ಸಿಯಾಳ ದೋಣಿ ಗೊತ್ತುಮಾಡಿದ್ದಾಯಿತು. ಮೂರು ದಿನ ಬಂಡೆಯ ಮೇಲೇ ಉಳಿದು ಕಲ್ಲು ಮಗುಚುವುದೆಂದು ಮಾತಾಯಿತು. ಅಕ್ಟೋಬರಿನ ಅಲೆ ಎಂಥದೆಂದು ಕನಿಸಾಲಿನ ಕೂಸಿಗೂ ಗೊತ್ತು. ಜುಲ್ಮೀರಾಳ ಮುಖ ಆವತ್ತು ಸುಣ್ಣದ ಗೋಡೆಯಾಗಿತ್ತು. ನಿವೃತ್ತಿಯ ಚಿಂತೆ ಇರಬೇಕೆಂದು ನಾನು ಎಣಿಸಿದೆ, ದಡ್ಡಿ.

ಅವಳು ಸುಮ್ಮನೆ ಕೂರಲಿಲ್ಲ. ಸೋದರಸೊಸೆಯ ಹತ್ತಿರ ಹೋಗಿ ಬೇಡ ಎಂದಳು, ಹವಾಮಾನ ಸರಿಯಿಲ್ಲ ಎಂದಳು, ಎಂಜಿನ್ ಹಳೆಯದು ಎಂದಳು. ನತೇರ್ಸಿಯಾ ನಕ್ಕು, ನೀವು ಸ್ನಾನದ ತೊಟ್ಟಿಗೂ ಹೆದರೋರು ಅತ್ತೆ, ಅಪ್ಪನ ಜೇಡಕ್ಕೆ ನಾನೇ ಹೆಣ್ಣು ತಂದು ಮದುವೆ ಮಾಡಿಸ್ತೀನಿ ಎಂದಳಂತೆ. ಬೆನೆದಿತಾಳಿಗೂ ಮುಂದಿನ ಬೇಸಿಗೆಗೆ ಹೋಗಿ ಎಂದು ನೋಡಿದಳು. ಮುಂದಿನ ಬೇಸಿಗೆಗೆ ಆ ಹುಡುಗಿಗೆ ಕೆಲಸವೇ ಇರುವುದಿಲ್ಲವಲ್ಲ. ಹೊರಡುವ ದಿನ ಹತ್ತಿರವಾಗುತ್ತಿದ್ದ ಹಾಗೆ ಜುಲ್ಮೀರಾ ತುಂಬಿದ ಕೊಳವೆಗೇ ಮತ್ತೆ ಸ್ಪಿರಿಟ್ ಸುರಿದು ಮೇಜೆಲ್ಲ ಒದ್ದೆ ಮಾಡತೊಡಗಿದಳು.

ಹೊರಡುವ ಹಿಂದಿನ ದಿನ, ಗುರುವಾರ ಮಧ್ಯಾಹ್ನ, ನತೇರ್ಸಿಯಾ ಬೆನೆದಿತಾಳ ಪೆಟ್ಟಿಗೆಗಳನ್ನು ಒಯ್ಯಲು ಕೋಣೆಗೆ ಬಂದಳು. ಬೂಟಿನ ತುಂಬ ಉಪ್ಪು. ಒಂದು ಪೆಟ್ಟಿಗೆ ಹೆಗಲಿಗೇರಿಸಿ ಇನ್ನೊಂದಕ್ಕೆ ಬಾಗಿದ್ದಳು. ಆಗ ಜುಲ್ಮೀರಾ ಎದ್ದು ಬಾಗಿಲಿಗೆ ಅಡ್ಡ ನಿಂತಳು.

"ಹೋಗ್ಬೇಡಿ. ಆ ಬಂಡೆ ಮೇಲೆ ಆ ಜೇಡ ಇಲ್ಲ. ಯಾವತ್ತೂ ಇರ್ಲಿಲ್ಲ. ನಾನು ಎರಡು ಕೊಳವೆ ಒಟ್ಟಿಗೆ ತೆರೆದಿದ್ದೆ."

ಚೀಟಿ ಓದಿದ ಹಾಗೆ ಹೇಳಿದಳು. ಆಮೇಲೆ ತಟ್ಟೆ, ಸಿಳ್ಳೆ, ಎರಡು ಗಂಟೆಯ ಬಸ್ಸು, ಸಾರಾಯಿಯ ವಾಸನೆ, ಎಲ್ಲವನ್ನೂ ನಿಂತಲ್ಲೇ ಹೇಳಿದಳು. ಬೆನೆದಿತಾ ಕೂತುಬಿಟ್ಟಳು. ನನ್ನ ತೊಡೆಯ ಮೇಲೆ ಅರ್ಧ ಹೊಲಿದ ಕಡಲಹಕ್ಕಿ. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ನತೇರ್ಸಿಯಾ ಹೆಗಲ ಮೇಲಿನ ಪೆಟ್ಟಿಗೆಯನ್ನು ಮೆಲ್ಲಗೆ ಕೆಳಗಿಟ್ಟಳು.

"ಹಾಗಾದ್ರೆ ನಮ್ಮಪ್ಪ ಇಲ್ಲದ್ದನ್ನ ಹುಡುಕೋಕೆ ಹೋಗಿದ್ದು."

"ಹೌದು ಮಗಳೇ."

"ಅವ್ರು ಹೋಗೋವಾಗ ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

ನತೇರ್ಸಿಯಾ ಕಿರುಚುತ್ತಾಳೆ, ಏನಾದರೂ ಎತ್ತಿ ಎಸೆಯುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಅವಳು ಎಸೆಯಲಿಲ್ಲ. ಅಪ್ಪ ನಿಜವಾಗಿ ತಂದದ್ದು ಎಲ್ಲಿದೆ ಎಂದು ಕೇಳಿದಳು. ಜುಲ್ಮೀರಾ ಕಿಟಕಿಯ ಕಪಾಟಿಗೆ ಹೋಗಿ, ನೋಡದೆಯೇ ಕೈ ಚಾಚಿ, ಮೂರನೆಯ ಸಾಲಿನ ಎಡತುದಿಯ ಕೊಳವೆ ತಂದುಕೊಟ್ಟಳು. ಒಳಗೆ ಒಂದು ಹನಿಯೂ ಇರಲಿಲ್ಲ. ಚೀಟಿ ಸುರುಳಿಯಾಗಿ ಗಾಜಿಗೆ ಅಂಟಿತ್ತು, ತಳದಲ್ಲಿ ಜೀರಿಗೆಯಷ್ಟು ಏನೋ ಕಂದುಗಟ್ಟಿ ಕೂತಿತ್ತು. ನತೇರ್ಸಿಯಾ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

"ಹತ್ತೊಂಬತ್ತು ಸಾವಿರಕ್ಕೆ ಕುಡಿಯೋಕೆ ಕೊಟ್ರಿ ಅತ್ತೆ. ನಮ್ಮಪ್ಪ ತಂದಿದ್ದೊಂದನ್ನ ಬಾಯಾರಿಸಿ ಇಟ್ರಿ."

ಕೊಳವೆಯನ್ನು ಮೇಜಿನ ಮೇಲಿಟ್ಟ ನತೇರ್ಸಿಯಾ ಹೊರಟುಹೋದಳು. ಪೆಟ್ಟಿಗೆಗಳು ಅಲ್ಲೇ ಉಳಿದವು. ಜುಲ್ಮೀರಾ ಅಳಲಿಲ್ಲ. ಮೂವತ್ತಾರು ವರ್ಷ ಹೊತ್ತದ್ದನ್ನು ಇಳಿಸಿದರೆ ಹಗುರಾಗುತ್ತದೆ ಎಂದು ಜನ ಹೇಳುತ್ತಾರಲ್ಲ, ಸುಳ್ಳು. ಅವಳು ಇಳಿಸಿದ ಮೇಲೂ ಬಾಗಿಕೊಂಡೇ ಇದ್ದಳು.

ಬೆನೆದಿತಾ ಆ ಒಣಗಿದ ಕಾಳನ್ನು ಸಾಬೂನಿನ ಬಿಸಿನೀರಿನಲ್ಲಿ ಎರಡು ದಿನ ನೆನೆಹಾಕಿದಳು. ಮೂರನೆಯ ದಿನ ಕಾಲುಗಳು ಬಿಚ್ಚಿಕೊಂಡವು, ಆರು ಕಣ್ಣು ಕಂಡವು. ಮಸೂರದಡಿ ಒಂದು ಗಂಟೆ ನೋಡಿದಳು. ಅದು ಮರಿ, ಬಾಯಿಯ ಬಳಿಯ ಕೈಗಳಿಗೆ ಇನ್ನೂ ತುದಿ ಮೂಡಿಲ್ಲ. ನಮ್ಮ ದ್ವೀಪದ ಮಾಮೂಲಿ ಜೇಡವೇ ಇರಬಹುದು, ಯಾರೂ ಕಾಣದ ಹೊಸದೇ ಇರಬಹುದು. ಸ್ಪಿರಿಟ್ಟಿನಲ್ಲಿ ಸರಿಯಾಗಿ ಇದ್ದಿದ್ದರೆ ಈಗಿನ ಕಾಲದಲ್ಲಿ ಬೇರೆ ಪರೀಕ್ಷೆಗಳಿವೆ ಎಂದು ಶುರುಮಾಡಿ, ಜುಲ್ಮೀರಾಳ ಮುಖ ನೋಡಿ ಅರ್ಧಕ್ಕೆ ನಿಲ್ಲಿಸಿದಳು. ಒಳ್ಳೆಯ ಹುಡುಗಿ. ಸಿಪ್ರಿಯಾನಿ ಎಂಬ ಹೆಸರು ಇನ್ನು ದಕ್ಷಿಣದ ಜೇಡದ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಹೋಗುತ್ತದೆ, ಒಮ್ಮೆ ಅಚ್ಚಾದ ಹೆಸರನ್ನು ನಮ್ಮಲ್ಲಿ ಯಾರೂ ಅಳಿಸುವುದಿಲ್ಲ ಎಂದು ಸಮಾಧಾನ ಹೇಳಿದಳು. ಜುಲ್ಮೀರಾ ತಲೆಯಾಡಿಸಿದಳು. ಆ ಸಮಾಧಾನ ಅವಳಿಗೆ ತಾಗಿದ ಹಾಗೆ ನನಗೆ ಕಾಣಲಿಲ್ಲ.

ಕೊನೆಯ ದಿನ ಅವಳು ಒಂದೇ ಒಂದು ಚೀಟಿ ಬರೆದಳು. ಮುದುಕಿಬಂಡೆ. ಕಲ್ಲಿನಡಿ. ಏಪ್ರಿಲ್ ಎಂಬತ್ತೈದು. ಹಿಡಿದವನು ಸಿಪ್ರಿಯಾನು. ಮರಿ, ಯಾವ ಬಗೆಯೆಂದು ತಿಳಿಯದು. ದಕ್ಷಿಣದ್ದೆಂದು ಹೇಳುವ ಸುಳ್ಳು ಚೀಟಿಯನ್ನೂ ಎಸೆಯದೆ, ಎರಡನೆಯ ನಿಯಮದ ಪ್ರಕಾರ ಜೊತೆಗೇ ಹಾಕಿ, ಬಿರಡೆ ಒತ್ತಿದಳು. ನಿರ್ದೇಶಕರು ಹೂಗುಚ್ಛ ಕೊಟ್ಟು, ಅವಳ ಹೆಸರನ್ನು ತಪ್ಪಾಗಿ ಹೇಳಿ, ಎರಡು ಮಾತಾಡಿ ಹೋದರು. ಅವಳ ಜಾಗಕ್ಕೆ ಇದುವರೆಗೂ ಯಾರನ್ನೂ ತೆಗೆದುಕೊಂಡಿಲ್ಲ. ಹತ್ತೊಂಬತ್ತು ಸಾವಿರ ಕೊಳವೆಗಳು ಆರುತ್ತಿವೆ, ನಾನು ನೋಡುತ್ತ ಕೂತಿದ್ದೇನೆ.

ಆದರೆ ತಿಂಗಳಿಗೊಮ್ಮೆ ಅವಳು ಕನಿಸಾಲಿನಿಂದ ಬಸ್ಸು ಹತ್ತಿ ಬರುತ್ತಾಳೆ. ಕಾವಲುಗಾರ ಕಂಡೂ ಕಾಣದವನ ಹಾಗೆ ಒಳಗೆ ಬಿಡುತ್ತಾನೆ. ಕೋಟು ತೆಗೆಯದೆ ನೇರ ಕಿಟಕಿಯ ಕಪಾಟಿಗೆ ಹೋಗಿ, ಆ ಒಂದು ಕೊಳವೆಗೆ ನಾಲ್ಕು ಹನಿ ಹಾಕುತ್ತಾಳೆ. ತಿಂಗಳಿಗೆ ಅಷ್ಟು ಬೇಕಿಲ್ಲ ಕಣೇ ಎಂದರೆ ಕೇಳುವುದಿಲ್ಲ. ನತೇರ್ಸಿಯಾ ಮಾತು ಬಿಟ್ಟಿದ್ದಳು. ಬಂದರಿನಲ್ಲಿ ಎದುರಾದರೆ ರಸ್ತೆ ದಾಟುತ್ತಾಳೆ ಎಂದು ಜುಲ್ಮೀರಾ ಒಮ್ಮೆ ಹೇಳಿ, ಆಮೇಲೆ ಆ ಸುದ್ದಿ ಎತ್ತಲಿಲ್ಲ. ದೋಣಿಯ ಮೂತಿಯ ಜೇಡ ಹಾಗೇ ಇದೆಯೋ, ಉಜ್ಜಿ ಹಾಕಿದ್ದಾಳೋ ಕೇಳುವ ಧೈರ್ಯ ನನಗೂ ಬರಲಿಲ್ಲ.

ಹೋದ ನವೆಂಬರಿನಲ್ಲಿ, ಸತ್ತವರ ದಿನದ ಬೆಳಿಗ್ಗೆ, ಜುಲ್ಮೀರಾ ಬಂದು ಕಪಾಟಿನ ಮುಂದೆ ನಿಂತಿದ್ದಳು. ಬಾಗಿಲು ತೆರೆದು ಬಂದವಳು ನತೇರ್ಸಿಯಾ. ಕೈಯಲ್ಲಿ ಒಂದು ಹಿಡಿ ಹಳದಿ ಸೇವಂತಿಗೆ. ಅತ್ತೆ ಅಲ್ಲಿರುತ್ತಾಳೆಂದು ಅವಳಿಗೆ ಗೊತ್ತಿರಲಿಲ್ಲ ಎಂದು ಕಾಣುತ್ತದೆ, ಹೊಸ್ತಿಲಲ್ಲೇ ನಿಂತಳು. ಹೂವು ಎಲ್ಲಿಡಬೇಕೆಂದು ನನ್ನನ್ನು ಕೇಳಿದಳು. ನಾನು ನನ್ನ ಮೇಜಿನ ಹತ್ತಿ, ಕತ್ತರಿ ಸರಿಸಿ ಜಾಗ ಮಾಡಿಕೊಟ್ಟೆ. ಅವಳು ಹೂವಿಟ್ಟು, ಅತ್ತೆಯನ್ನು ನೋಡದೆ ಕಪಾಟಿನ ಹತ್ತಿರ ಹೋಗಿ, ಮೂರನೆಯ ಸಾಲಿನ ಎಡತುದಿಯ ಕೊಳವೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಓರೆ ಮಾಡಿ ನೋಡಿದಳು. ಚೀಟಿಯನ್ನು ಓದಿದಳು, ತುಟಿ ಅಲ್ಲಾಡುತ್ತಿತ್ತು.

"ಸ್ವಲ್ಪ ಇಳಿದಿದೆ ಅತ್ತೆ," ಎಂದಳು.

ಒಂದು ವರ್ಷದ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು ಅದು. ಜುಲ್ಮೀರಾ ಸ್ಪಿರಿಟ್ಟಿನ ಬಾಟಲಿ ಅವಳ ಕೈಗೆ ಕೊಟ್ಟಳು. ನತೇರ್ಸಿಯಾ ಹಗ್ಗ ಎಳೆದು ಒರಟಾದ ಬೆರಳುಗಳಲ್ಲಿ ಬಿರಡೆ ಕಿತ್ತು ತುಂಬಿದಳು. ಅರ್ಧ ಒಳಗೆ ಹೋಯಿತು, ಅರ್ಧ ಅವಳ ಕೈ ಮೇಲೆ ಚೆಲ್ಲಿತು. ಜುಲ್ಮೀರಾ ತನ್ನ ಕೋಟಿನ ತುದಿಯಿಂದ ಆ ಕೈ ಒರೆಸಿದಳು, ಸಣ್ಣ ಮಕ್ಕಳ ಕೈ ಒರೆಸುವ ಹಾಗೆ, ಬೆರಳು ಬೆರಳಾಗಿ. ಆಗ ಅತ್ತಳು. ನತೇರ್ಸಿಯಾ ಕೈ ಎಳೆದುಕೊಳ್ಳಲಿಲ್ಲ.

ಎರಡು ಗಂಟೆಯ ಬಸ್ಸಿಗೆ ಇಬ್ಬರೂ ಒಟ್ಟಿಗೆ ಹೋದರು.